ಗಡುವಿನ ಎಣಿಕೆ ಯಾವ ದಿನದಿಂದ?

ನಂಜನಗೂಡು, ತಿ. ನರಸೀಪುರದ ಕಡೆಯಿಂದ ಓದಿಗೋ ಕೆಲಸಕ್ಕೋ ಹೊರದೇಶ ಸೇರಿದವರಿಗೆ ಅಲ್ಲಿನ ಕಚೇರಿಗಳಲ್ಲಿ ಅರ್ಜಿ ತುಂಬುವುದಕ್ಕಿಂತ ದಿನ ಎಣಿಸುವುದೇ ಹೆಚ್ಚು ತೊಡಕು. ಕೊನೆಯ ದಿನವನ್ನು ಎಲ್ಲರೂ ಬರೆದಿಟ್ಟುಕೊಳ್ಳುತ್ತಾರೆ. ಎಣಿಕೆ ಯಾವ ದಿನದಿಂದ, ಯಾವ ಕಾಗದದಿಂದ ಶುರು ಎಂದು ನೋಡುವವರು ಕಡಿಮೆ.

ಜರ್ಮನಿಯಲ್ಲಿ ಮನೆಗೆ ವಾಸಕ್ಕೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಬಾಡಿಗೆ ಕರಾರು ಸಾಲದು, ಮನೆ ಕೊಟ್ಟವರ ದೃಢೀಕರಣ ಪತ್ರ ಬೇಕು. ಅಮೆರಿಕದಲ್ಲಿ ಮನೆ ಬದಲಿಸಿದ ಸುದ್ದಿಯನ್ನು 10 ದಿನದೊಳಗೆ ತಿಳಿಸಬೇಕು. ಆದರೆ ಅಲ್ಲಿ ಜನ ಎಡವುವುದು ಐ-94 ಎಂಬ ದಾಖಲೆಯಲ್ಲಿ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಬಾಗಿಲು ತಟ್ಟಲು ಮಾತ್ರ. ಎಷ್ಟು ದಿನ ಇರಬಹುದೆಂಬುದು ಐ-94ರ ಮಾತು. ಎಚ್-1ಬಿ ವೀಸಾಕ್ಕೆ ಇನ್ನೆರಡು ವರ್ಷವಿದ್ದರೂ ಪಾಸ್‌ಪೋರ್ಟ್ ಮೊದಲೇ ಮುಗಿಯುವಂತಿದ್ದರೆ ಐ-94ರಲ್ಲಿ ಆ ದಿನವೇ ಬೀಳುವುದುಂಟು. ಹಾಗಾಗಿ ಪ್ರತಿ ಸಲ ಒಳಬಂದ ಕೂಡಲೇ ಅದನ್ನು ತೆಗೆದು ನೋಡಬೇಕು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ ಎಂಬುದೂ ನೆನಪಿರಬೇಕು: 04/05 ಎಂದರೆ ಏಪ್ರಿಲ್ 5.

ಸೌದಿಯ ವಾಸದ ಪರವಾನಗಿ ಇಕಾಮಾದ ಅವಧಿಯನ್ನು ಬಹುಕಾಲ ಹಿಜ್ರಿ ವರ್ಷದ ಲೆಕ್ಕದಲ್ಲೇ ಎಣಿಸುತ್ತಿದ್ದರು. ಒಂಟಿಕೊಪ್ಪಲ್ ಪಂಚಾಂಗ ನೋಡಿ ಬೆಳೆದವರಿಗೆ ಇದು ಬೇಗ ಹಿಡಿಯುತ್ತದೆ. ಹಿಜ್ರಿಯಲ್ಲೂ ಚಾಂದ್ರಮಾಸವೇ, ಆದರೆ ಅಧಿಕಮಾಸವಿಲ್ಲ. ವರ್ಷಕ್ಕೆ 354 ಅಥವಾ 355 ದಿನ. ಇಂಗ್ಲಿಷ್ ಕ್ಯಾಲೆಂಡರ್ ನಂಬಿದವರಿಗೆ ಗಡುವು ಹತ್ತು ಹನ್ನೊಂದು ದಿನ ಮೊದಲೇ ಬಂದು ನಿಲ್ಲುತ್ತಿತ್ತು.

ಭಾರತದ್ದೇ ಆದ ಗಡುವೂ ಒಂದಿದೆ, ಬಾಣಂತನದ ಗಡಿಬಿಡಿಯಲ್ಲಿ ಮರೆತುಹೋಗುವಂಥದ್ದು. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬೇಕಿದ್ದರೆ 1955ರ ಪೌರತ್ವ ಕಾಯ್ದೆಯಂತೆ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ.

ಊರಿನಿಂದ ತರಿಸುವ ಕಾಗದಕ್ಕೆ ಲೆಕ್ಕ ಹಿಂದಿನಿಂದ ಹಾಕಬೇಕು. ಮದುವೆಯ ಪ್ರಮಾಣಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಹೊರಟು, ರಾಜ್ಯದ ದೃಢೀಕರಣ ಪಡೆದು, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೀಳುವ ಹೊತ್ತಿಗೆ ವಾರಗಳು ಉರುಳಿರುತ್ತವೆ. ಪಾಸ್‌ಪೋರ್ಟ್ ಕೆಲಸ ಅಷ್ಟು ದೂರದ್ದಲ್ಲ. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯಿತು. ಅವಧಿ ಮುಗಿಯಲು ಒಂದು ವರ್ಷವಿರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಬಹುದಾದ್ದರಿಂದ, ದೊಡ್ಡ ಜಾತ್ರೆಗೆಂದು ರಜೆ ಹಾಕಿ ನಂಜನಗೂಡಿಗೆ ಬಂದವರು ಆ ಕೆಲಸವನ್ನೂ ಮುಗಿಸಿಕೊಂಡೇ ವಿಮಾನ ಹತ್ತಬಹುದು.