ಹಾಲೆಂಡ್ ಗುಲಾಬಿ ಗಿಡ ಅರ್ಧ ರೇಟಿಗೆ ಸಿಕ್ಕರೆ ತಗೋಬಹುದಾ?

"ಅಣ್ಣಾ, ಕೆ.ಆರ್. ಪುರದಲ್ಲಿ ಹಾಲೆಂಡ್ ಗುಲಾಬಿ ಗಿಡ ಅರ್ಧ ರೇಟಿಗೆ ಕೊಡ್ತಾರಂತೆ, ಪಾಲಿಹೌಸಿಗೆ ತಂದುಬಿಡ್ಲಾ?" ಹೊಸಕೋಟೆ, ಮಾಲೂರು ಕಡೆಯ ಹುಡುಗರಿಂದ ಇಂಥ ವಾಟ್ಸಾಪ್ ಮೆಸೇಜು ನನಗೆ ಬರ್ತಾನೇ ಇರುತ್ತೆ. ನಾನು ತಿರುಗಿ ಕೇಳೋದು ಒಂದೇ: ಬಿಲ್ಲಿನಲ್ಲಿ ತಳಿಯ ಹೆಸರು ಬರೆದುಕೊಡ್ತಾರಾ?

ನಿಜವಾಗಿ ಹೊರದೇಶದಿಂದ ಗುಲಾಬಿ ಗಿಡ ತರೋದು ಸುಲಭದ ಕೆಲಸ ಅಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಮೊದಲೇ ಆಮದು ಪರವಾನಗಿ ಬೇಕು. ಗಿಡದಲ್ಲಿ ರೋಗ, ಕೀಟ ಇಲ್ಲ ಅಂತ ಆ ದೇಶದ ಸರ್ಕಾರಿ ಪ್ರಮಾಣಪತ್ರ ಬೇಕು. ಬೇರಿಗೆ ಮಣ್ಣು ಅಂಟಿರಬಾರದು. ಇಲ್ಲಿಗೆ ಬಂದ ಮೇಲೂ ತಪಾಸಣೆ, ಬೇರೆಯಾಗಿ ಇಟ್ಟು ಬೆಳೆಸುವುದು ಎಲ್ಲ ಇರುತ್ತೆ. ನಮ್ಮ ಕಡೆ ಇದನ್ನು ನೋಡಿಕೊಳ್ಳುವ ಕೇಂದ್ರ ಹೆಬ್ಬಾಳದಲ್ಲಿದೆ.

ಹಾಗಾಗಿ ರಸ್ತೆ ಬದಿಯ ನರ್ಸರಿಯಲ್ಲಿ ಕಪ್ಪು ಕವರಿನಲ್ಲಿ ಕೂತಿರುವ "ಹಾಲೆಂಡ್ ರೋಸ್" ವಿಮಾನ ಇಳಿದು ಬಂದದ್ದಲ್ಲ. ಎಷ್ಟೋ ಗಿಡ ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬಂದಿರುತ್ತೆ. ಅದು ತಪ್ಪೇನಲ್ಲ, ಮನೆಯಂಗಳಕ್ಕೆ ಚೆನ್ನಾಗಿಯೇ ಇರುತ್ತೆ. ಪಾಲಿಹೌಸಿನ ಲೆಕ್ಕ ಬೇರೆ. ಎಕರೆಗೆ ಸುಮಾರು 25-30 ಸಾವಿರ ಗಿಡ ಕೂರುತ್ತೆ, ಒಮ್ಮೆ ನೆಟ್ಟರೆ ಐದಾರು ವರ್ಷ ಅದರ ಜೊತೆಗೇ ಏಗಬೇಕು.

ಹೊರದೇಶದ ತಳಿಗೆ ಒಡೆಯ ಇರ್ತಾನೆ. ತಳಿ ಮಾಡಿದ ಕಂಪನಿ ಇಲ್ಲಿನ ನರ್ಸರಿಗೆ ಲೈಸೆನ್ಸ್ ಕೊಡುತ್ತೆ, ಆ ನರ್ಸರಿ ನಟಾಲ್ ಬ್ರಯರ್‌ನಂಥ ರೂಟ್‌ಸ್ಟಾಕ್ ಮೇಲೆ ಕಣ್ಣು ಕಸಿ ಮಾಡಿ ಮಾರುತ್ತೆ. ಪ್ರತಿ ಗಿಡದ ಮೇಲೂ ರಾಯಲ್ಟಿ. ಅರ್ಧ ರೇಟಿನ ಗಿಡದಲ್ಲಿ ಬಿಟ್ಟುಹೋಗಿರೋದು ಹೆಚ್ಚಾಗಿ ಇದೇ.

ನಮ್ಮ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನ ಪರ ಉದಾರವಾಗಿಯೇ ಇದೆ. ನೋಂದಣಿಯಾದ ತಳಿಯನ್ನೂ ಉಳಿಸಿಕೊಂಡು ಮತ್ತೆ ಬೆಳೆಯಬಹುದು, ಪಕ್ಕದವರಿಗೆ ಕೊಡಬಹುದು. ಬ್ರಾಂಡ್ ಹಾಕಿ ಮಾತ್ರ ಮಾರುವಂತಿಲ್ಲ. ಆದರೆ ಈ ಹಕ್ಕು ರೈತನದು, ವ್ಯಾಪಾರಕ್ಕೆ ಗಿಡ ಮಾಡುವ ನರ್ಸರಿಯದಲ್ಲ. ಯಾವ ತಳಿ ಇಲ್ಲಿ ನೋಂದಣಿಯಾಗಿದೆ ಅಂತ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಫೋನಿನಲ್ಲೇ ನೋಡಬಹುದು.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಬಿಡಿ ಹೂವು ಹಾಕುವವರನ್ನು ರಾಯಲ್ಟಿ ಪತ್ರ ಯಾರೂ ಕೇಳಲ್ಲ. ತೊಂದರೆ ಇರೋದು ರಫ್ತಿನಲ್ಲಿ. 2008ರ ತನಕ ನಮ್ಮ ಹೂವಿನ ಡಬ್ಬಗಳು ಇಂದಿರಾನಗರದ ಪಕ್ಕದ ಎಚ್‌ಎಎಲ್ ನಿಲ್ದಾಣದಿಂದ ಹೊರಡುತ್ತಿದ್ದವು, ಈಗ ದೇವನಹಳ್ಳಿಯಿಂದ. ಎಲ್ಲಿಂದ ಹೊರಟರೂ ಯುರೋಪಿನ 1994ರ ಕಾನೂನು ಗಿಡವನ್ನಷ್ಟೇ ಅಲ್ಲ, ಅನುಮತಿ ಇಲ್ಲದ ಗಿಡದಲ್ಲಿ ಬಿಟ್ಟ ಹೂವನ್ನೂ ತಡೆಯುವ ಹಕ್ಕನ್ನು ತಳಿಯ ಒಡೆಯನಿಗೆ ಕೊಟ್ಟಿದೆ. ವ್ಯಾಲೆಂಟೈನ್ಸ್ ಡೇಗೆ ಲೋಡ್ ಕೇಳುವ ರಫ್ತುದಾರ ಅದಕ್ಕೇ ರಾಯಲ್ಟಿ ಪತ್ರ ಕೇಳ್ತಾನೆ. ಆಗ ಹುಡುಕಿದರೆ ಸಿಗಲ್ಲ, ಗಿಡ ಕೊಳ್ಳುವಾಗಲೇ ಇಸ್ಕೋಬೇಕು.

ಇನ್ನು ಫೋನಿನಲ್ಲಿ ಕಾಣುವ "ನೀಲಿ ಗುಲಾಬಿ ಬೀಜ". ಜಪಾನಿನ ಸನ್‌ಟೋರಿ ಕಂಪನಿ ವರ್ಷಗಟ್ಟಲೆ ಲ್ಯಾಬಿನಲ್ಲಿ ದುಡಿದು 2009ರಲ್ಲಿ ಮಾರಾಟಕ್ಕೆ ಬಿಟ್ಟ "ನೀಲಿ" ಗುಲಾಬಿಯೇ ತಿಳಿ ನೇರಳೆ ಬಣ್ಣದ್ದು. ಗುಲಾಬಿ ಬೀಜದಿಂದ ತಾಯಿಯಂಥ ಗಿಡ ಬರೋದೂ ಇಲ್ಲ. ಹೊರದೇಶದಿಂದ ಪೋಸ್ಟಿನಲ್ಲಿ ಬೀಜ ತರಿಸೋದಕ್ಕೂ ಪರವಾನಗಿ ಬೇಕು. ಅದನ್ನು ಬಿಟ್ಟುಬಿಡಿ.

ಬಿಲ್ಲಿಗಿಂತ ನನಗೆ ಹೆಚ್ಚು ಭಯ ಇರೋದು ಕ್ರೌನ್ ಗಾಲ್ ಬಗ್ಗೆ. ಈ ಬ್ಯಾಕ್ಟೀರಿಯಾ ಗಿಡದ ಜೊತೆಗೇ ಬರುತ್ತೆ, ಬುಡದಲ್ಲಿ ಗಂಟು ಕಟ್ಟುತ್ತೆ. ಗಿಡ ಕಿತ್ತೆಸೆದರೂ ಮಣ್ಣಿನಲ್ಲಿ ಉಳಿಯುತ್ತೆ, ಔಷಧಿ ಹೊಡೆದು ವಾಸಿ ಮಾಡೋಕಾಗಲ್ಲ. ಲೋಡ್ ಬಂದ ದಿನ ಇಳಿಸುವ ಮುಂಚೆ ಬೇರೆ ಬೇರೆ ಕಡೆಯಿಂದ ಇಪ್ಪತ್ತು ಗಿಡ ತೆಗೆದು, ಕವರ್ ಬಿಚ್ಚಿ, ಬೇರು ತೊಳೆದು ನೋಡಿ. ಕಸಿ ಕೂಡಿದ ಜಾಗದಲ್ಲಿ ಅಥವಾ ಬೇರಿನಲ್ಲಿ ಹೂಕೋಸಿನಂಥ ಗಂಟು ಒಂದರಲ್ಲಿ ಕಂಡರೂ ಲಾರಿ ವಾಪಸ್ ಕಳಿಸಿ, ಬಾಡಿಗೆ ನೀವೇ ಕೊಡಬೇಕಾದರೂ ಸರಿ.