ನೋವಿನ ಬೀಗ, ಅಫೀಮಿನ ಕೀಲಿಕೈ



ನಾಸಿಕದಿಂದ ಮುಂಬಯಿಗೆ ಹೆದ್ದಾರಿಯಲ್ಲಿ ಹೋಗುವಾಗ ಇಗತ್ಪುರಿಗೆ ಸ್ವಲ್ಪ ಮೊದಲು ಘೋಟಿ ಸಿಗುತ್ತದೆ. ಕಳಸೂಬಾಯಿ ಹತ್ತಲೋ ಭಂಡಾರದರಾ ನೋಡಲೋ ನೀವು ಅಲ್ಲಿ ತಿರುಗಿಕೊಂಡಿರಬಹುದು. ಸುತ್ತಲೂ ಭತ್ತದ ಗದ್ದೆ, ಮಳೆಗಾಲ ಬಂತೆಂದರೆ ಎಡೆಬಿಡದ ಮಳೆ. ಕುಂದಾಪುರದ ಕಡೆಯವರಾದ ನನ್ನ ಸೋದರಮಾವನಿಗೆ ಆ ಊರು ಹಿಡಿಸಿದ್ದೇ ಆ ಮಳೆಯಿಂದ. ಹೆದ್ದಾರಿಯ ಬದಿಯಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿದರು.

1996ರಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ಗುಣವಾಗುವ ಹಂತ ಆಗಲೇ ದಾಟಿತ್ತು. ಸಾವಿಗೆ ಹೆದರದ ಮನುಷ್ಯ, ಆದರೆ ನೋವಿಗೆ ಸೋತರು. ರಾತ್ರಿಯಿಡೀ ಮಂಡಿ ಮಡಚಿ ಕುಳಿತಿರುತ್ತಿದ್ದರು. ವೈದ್ಯರು ಚೀಟಿಯಲ್ಲಿ ಮಾರ್ಫೀನ್ ಮಾತ್ರೆ ಬರೆದುಕೊಟ್ಟರು. ಆ ಚೀಟಿ ಹಿಡಿದು ನಾನು ಎರಡು ದಿನ ಔಷಧದ ಅಂಗಡಿಗಳನ್ನು ಸುತ್ತಿದೆ. ಎಲ್ಲರೂ ತಲೆಯಾಡಿಸಿದರು, ಒಬ್ಬರು ಚೀಟಿಯನ್ನು ಮುಟ್ಟಲೂ ಇಲ್ಲ. ಕೊನೆಗೆ ಮಾತ್ರೆ ಸಿಕ್ಕಿದ್ದು ಮುಂಬಯಿಯಲ್ಲಿ.

ತಪ್ಪು ಅಂಗಡಿಯವರದಲ್ಲ. 1985ರ ಮಾದಕವಸ್ತು ಕಾಯಿದೆಯಲ್ಲಿ ಶಿಕ್ಷೆ ಬಹಳ ಕಠಿಣ. ಜೊತೆಗೆ ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಪರವಾನಗಿಯ ರಗಳೆ. ಬಹುಪಾಲು ಆಸ್ಪತ್ರೆಗಳೂ ಅಂಗಡಿಗಳೂ ಮಾರ್ಫೀನ್ ಇಡುವುದನ್ನೇ ಬಿಟ್ಟಿದ್ದವು. ವಿಚಿತ್ರ ನೋಡಿ: ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುತ್ತಾರೆ. ನೀಮಚ್ ಮತ್ತು ಗಾಜೀಪುರದಲ್ಲಿ ಸರಕಾರದ್ದೇ ಕಾರ್ಖಾನೆಗಳಿವೆ, ನಮ್ಮ ಅಫೀಮು ಹೊರದೇಶಕ್ಕೂ ಹೋಗುತ್ತದೆ. ಘೋಟಿಯ ರೋಗಿಗೆ ಮಾತ್ರ ಅದು ಸಿಗಲಿಲ್ಲ. 2014ರಲ್ಲಿ ಆ ಕಾಯಿದೆ ತಿದ್ದುಪಡಿಯಾಗಿ ದೇಶಕ್ಕೆಲ್ಲ ಒಂದೇ ನಿಯಮ ಬಂತು. ಮಾವನಿಗೆ ಅದು ತಡವಾಯಿತು.

ಮೊದಲ ಮಾತ್ರೆ ನುಂಗುವ ಮುನ್ನ ಅವರು ನನ್ನನ್ನು ಕೇಳಿದರು: "ಇದ್ ಅಫೀಮ್ ಅಲ್ದಾ ಮಗಾ? ಚಟ ಹಿಡಿತಿಲ್ಯಾ?"

"ಇಲ್ಲ ಮಾವ" ಎಂದೆ. ಗೊತ್ತಿದ್ದು ಹೇಳಿದ್ದಲ್ಲ, ಅವರು ನುಂಗಲಿ ಎಂದು ಹೇಳಿದ್ದು. ಆ ಸುಳ್ಳು ಮನಸ್ಸಿನಲ್ಲಿ ಉಳಿದದ್ದರಿಂದಲೇ ಆಮೇಲೆ ಈ ವಿಷಯವನ್ನು ಓದತೊಡಗಿದೆ. ಓದುತ್ತಾ ಹೋದಂತೆ ಒಂದು ಹೆಸರು ಮತ್ತೆ ಮತ್ತೆ ಎದುರಾಯಿತು: ಲಕ್ಷ್ಮಿ ದೇವಿ. ಅಮೆರಿಕದಲ್ಲಿ ನೆಲೆಸಿ ಕೆಲಸ ಮಾಡಿದ ನಮ್ಮ ದೇಶ ಮೂಲದ ವಿಜ್ಞಾನಿ. ಅವರ ಕೆಲಸ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮ್ಮ ಮಾಡುವ ಗಸಗಸೆ ಪಾಯಸ ಉಂಡರೆ ಕಣ್ಣು ಎಳೆಯುತ್ತದೆಂದು ಮನೆಯಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಬೀಜದಲ್ಲಿ ಮಾರ್ಫೀನ್ ಇರುವುದು ತೀರ ಅಲ್ಪ. ಅದು ನಿಜವಾಗಿ ಇರುವುದು ಆ ಗಿಡದ ಹಸಿ ಕಾಯಿಯ ಹಾಲಿನಲ್ಲಿ. ಆ ಹಾಲು ನೋವನ್ನು ಕೊಲ್ಲುತ್ತದೆಂದು ಮನುಷ್ಯನಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಹೇಗೆ ಕೊಲ್ಲುತ್ತದೆಂದು ತಿಳಿಯತೊಡಗಿದ್ದು 1973ರಲ್ಲಿ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾಲೊಮನ್ ಸ್ನೈಡರ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾಂಡೇಸ್ ಪರ್ಟ್ ಅವರು ಮಿದುಳಿನ ಅಂಗಾಂಶದಲ್ಲಿ ಅಫೀಮಿನ ಅಣು ಹೋಗಿ ಕೂರುವ ಜಾಗವನ್ನು ತೋರಿಸಿಕೊಟ್ಟರು. ಅದೇ ವರ್ಷ ನ್ಯೂಯಾರ್ಕ್ ಮತ್ತು ಸ್ವೀಡನ್ನಿನ ಉಪ್ಸಾಲಾದಲ್ಲೂ ಬೇರೆಯವರು ಅದನ್ನೇ ಕಂಡರು. ಆ ಜಾಗಕ್ಕೆ ರಿಸೆಪ್ಟರ್ ಎಂದು ಹೆಸರು. ಕನ್ನಡದಲ್ಲಿ ಗ್ರಾಹಕ ಎನ್ನುತ್ತಾರೆ. ನರಕೋಶದ ಮೈಮೇಲಿನ ಬೀಗವೆಂದುಕೊಳ್ಳಿ. ಮಾರ್ಫೀನ್ ಅದಕ್ಕೆ ಕೀಲಿಕೈ.

ಆದರೆ ಹೊಲದಲ್ಲಿ ಬೆಳೆಯುವ ಗಿಡದ ಕೀಲಿಕೈಗೆ ನಮ್ಮ ತಲೆಯೊಳಗೆ ಬೀಗವೇಕೆ ಇರಬೇಕು? ದೇಹವೇ ತನ್ನದೊಂದು ಕೀಲಿಕೈ ಮಾಡಿಕೊಳ್ಳುತ್ತಿರಬೇಕು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಅಂಥದ್ದನ್ನು ಹೊರತೆಗೆದರು, ಅದೇ ಎಂಕೆಫಲಿನ್. ಆಮೇಲೆ ಅವ್ರಾಮ್ ಗೋಲ್ಡ್‌ಸ್ಟೀನ್ ಎಂಬವರು ಇನ್ನೊಂದನ್ನು ಕಂಡು ಡೈನಾರ್ಫಿನ್ ಎಂದು ಕರೆದರು.

ಲಕ್ಷ್ಮಿ ದೇವಿ ಅವರ ಕೆಲಸ ನಮಗೆ ಕಾಣಸಿಗುವುದು ಇಲ್ಲಿಂದ. ಈ ದೇಹದ ಕೀಲಿಕೈಗಳು ಮೊದಲು ಉದ್ದನೆಯ ಪ್ರೋಟೀನಿನ ಭಾಗವಾಗಿ ತಯಾರಾಗುತ್ತವೆ. ಕಿಣ್ವಗಳು ಅದನ್ನು ಅಳತೆಗೆ ಕತ್ತರಿಸಬೇಕು. ಡೈನಾರ್ಫಿನನ್ನು ಹಾಗೆ ಕತ್ತರಿಸುವ ಕಿಣ್ವವೊಂದನ್ನು ಇಲಿಯ ಮಿದುಳಿನಲ್ಲಿ ಗುರುತಿಸಿ 1984ರಲ್ಲಿ ಗೋಲ್ಡ್‌ಸ್ಟೀನರ ಜೊತೆ ಪ್ರಬಂಧ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಸುದ್ದಿಯಾಗುವಂಥ ಕೆಲಸವಲ್ಲ. ಕೀಲಿಕೈ ಮಾಡುವವನ ಅರ ಯಾವುದೆಂದು ಹುಡುಕಿದಂತೆ.

ಅಷ್ಟರಲ್ಲಿ ಬೀಗ ಒಂದೇ ಅಲ್ಲ, ಮುಖ್ಯವಾಗಿ ಮೂರು ಬಗೆ ಎಂದು ತಿಳಿದಿತ್ತು: ಮ್ಯೂ, ಡೆಲ್ಟಾ, ಕಪ್ಪಾ. ಮಾರ್ಫೀನ್ ಹೆಚ್ಚಾಗಿ ಕೂರುವುದು ಮ್ಯೂ ಮೇಲೆ. ನೋವು ಇಳಿಯುವುದು ಅಲ್ಲಿಂದಲೇ. ಮಲಬದ್ಧತೆ, ಉಸಿರು ನಿಧಾನವಾಗುವುದು, ಚಟ ಇವೂ ಅಲ್ಲಿಂದಲೇ. ಅಮೆರಿಕದಲ್ಲಿ ಇಂಥ ಔಷಧಗಳ ಅತಿಬಳಕೆಯಿಂದ ಲಕ್ಷಾಂತರ ಜನ ಸತ್ತದ್ದು ಉಸಿರು ನಿಂತು. ವರವೂ ಶಾಪವೂ ಒಂದೇ ಬೀಗದಲ್ಲಿ ಇರುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವುದು ಹೇಗೆ?

ಆಗಿನ ಪಠ್ಯಪುಸ್ತಕಗಳಲ್ಲಿ ಪ್ರತಿ ಗ್ರಾಹಕವೂ ಒಂಟಿಯಾಗಿ ಕೆಲಸ ಮಾಡುತ್ತದೆ ಎಂದೇ ಇತ್ತು. 1997ರಲ್ಲಿ ಲಕ್ಷ್ಮಿ ದೇವಿ ಮತ್ತು ಅವರ ಸಹೋದ್ಯೋಗಿ, ಡೆಲ್ಟಾ ಗ್ರಾಹಕಗಳು ಜೋಡಿಯಾಗಿ ಇರುತ್ತವೆ ಎಂದು ತೋರಿಸಿದರು. 1999ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ, ಬ್ರಯನ್ ಜೋರ್ಡನ್ ಜೊತೆ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಇನ್ನೂ ಅಚ್ಚರಿಯದು. ಕಪ್ಪಾ ಮತ್ತು ಡೆಲ್ಟಾ ಕೂಡಿಕೊಂಡರೆ ಆ ಜೋಡಿಗೆ ಕಪ್ಪಾದ ಕೀಲಿಕೈ ಒಂದೇ ಸರಿಯಾಗಿ ಹಿಡಿಯುವುದಿಲ್ಲ, ಡೆಲ್ಟಾದ್ದೂ ಹಿಡಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಬಿಗಿಯಾಗಿ ಹಿಡಿಯುತ್ತದೆ. ಅಂದರೆ ಎರಡು ಬೀಗ ಸೇರಿ ಮೂರನೆಯದೇ ಒಂದು ಬೀಗ! ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ನಿಮಗೆ ಇದು ಬೇಗ ಅರ್ಥವಾದೀತು. ಎರಡು ಕೂಡಿದರೆ ಬರೇ ಎರಡು ಆಗುವುದಿಲ್ಲ.

2004ರಲ್ಲಿ ಅವರ ತಂಡ ಇದನ್ನು ನೋವಿಗೆ ಹಚ್ಚಿತು. ಮ್ಯೂ ಮತ್ತು ಡೆಲ್ಟಾ ಜೋಡಿಯಾಗಿರುವಲ್ಲಿ ಡೆಲ್ಟಾವನ್ನು ಒಂದು ಮದ್ದಿನಿಂದ ತಡೆದರೆ ಇಲಿಗಳಲ್ಲಿ ಮಾರ್ಫೀನಿನ ನೋವು ತಗ್ಗಿಸುವ ಶಕ್ತಿ ಹೆಚ್ಚಿತು. 2010ರಲ್ಲಿ ಇನ್ನೊಂದು ಎಳೆ ಸಿಕ್ಕಿತು: ಬಹುದಿನ ಮಾರ್ಫೀನ್ ಕೊಟ್ಟ ಇಲಿಗಳಲ್ಲಿ, ನೋವಿಗೆ ಸಂಬಂಧಿಸಿದ ಮಿದುಳಿನ ಭಾಗಗಳಲ್ಲಿ ಈ ಜೋಡಿಗಳು ಹೆಚ್ಚಾಗುತ್ತವೆ. ಮಾವನಿಗೆ ಮೊದಲು ಹತ್ತಿದ ಮಾತ್ರೆ ತಿಂಗಳು ಕಳೆಯುವಾಗ ಸಾಲದೆ ಬಂದದ್ದು ನೆನಪಾಯಿತು. ದೇಹ ಹಾಗೆ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ಕ್ಯಾನ್ಸರಿನ ನೋವಿಗೆ ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವವರಿಗೆ ಚಟ ಹಿಡಿಯುವುದು ಅಪರೂಪ. ನನ್ನ ಸುಳ್ಳು ಅಷ್ಟೇನೂ ಸುಳ್ಳಾಗಿರಲಿಲ್ಲ!

2013ರಲ್ಲಿ, ಆಗ ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆಯಲ್ಲಿದ್ದ ಅವರು, ಈ ಮ್ಯೂ-ಡೆಲ್ಟಾ ಜೋಡಿಯನ್ನೇ ಗುರಿಯಾಗಿಸಿದ ಒಂದು ಅಣುವನ್ನು ಪ್ರಕಟಿಸಿದರು. ಇಲಿಗಳಲ್ಲಿ ಅದು ಮಾರ್ಫೀನಿನಷ್ಟೇ ನೋವು ಇಳಿಸಿತು, ದೇಹ ಅದಕ್ಕೆ ಒಗ್ಗಿಕೊಂಡದ್ದು ಕಡಿಮೆ. ಕೇಳಿ ಹಿಗ್ಗಬೇಡಿ. ಇಲಿಯಿಂದ ಮನುಷ್ಯನ ಔಷಧದ ಅಂಗಡಿಗೆ ದಾರಿ ಬಹಳ ಉದ್ದ. ಜೀವಂತ ನರಕೋಶಗಳಲ್ಲಿ ಈ ಜೋಡಿಗಳು ನಿಜಕ್ಕೂ ಎಷ್ಟು ಮುಖ್ಯ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದ ಉಂಟು. ನನಗೆ ಮೆಚ್ಚುಗೆಯಾದದ್ದು ಬೇರೆ: ಕತ್ತರಿಸುವ ಕಿಣ್ವದಿಂದ ಈ ಅಣುವಿನವರೆಗೆ ಸುಮಾರು ಮೂವತ್ತು ವರ್ಷ ಒಂದೇ ಎಳೆ ಹಿಡಿದು ನಡೆದದ್ದು.

ಘೋಟಿಯ ನೆರೆಯ ಇಗತ್ಪುರಿಯ ಮಾತೊಂದು ಇಲ್ಲಿ ಬಿಟ್ಟರೆ ತಪ್ಪಾದೀತು. ಅಲ್ಲಿಯ ವಿಪಶ್ಯನಾ ಕೇಂದ್ರದ ಸತ್ಯನಾರಾಯಣ ಗೋಯೆಂಕಾ ಅವರು ಧ್ಯಾನಕ್ಕೆ ಬಂದದ್ದೇ ತಲೆನೋವಿನಿಂದ. ಬರ್ಮಾದಲ್ಲಿದ್ದಾಗ ಅವರ ಮೈಗ್ರೇನಿಗೆ ಮಾರ್ಫೀನ್ ಚುಚ್ಚುತ್ತಿದ್ದರು, ಚಟವಾದೀತೆಂಬ ಹೆದರಿಕೆ ಇತ್ತು. ಧ್ಯಾನ ನೋವು ತಗ್ಗಿಸುವುದು ದೇಹದ ಅಫೀಮಿನಿಂದಲೇ ಇರಬಹುದೆ? 2016ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದರು, ವಿಪಶ್ಯನೆಯನ್ನಲ್ಲ, ಅದಕ್ಕೆ ಹತ್ತಿರದ ಇನ್ನೊಂದು ಧ್ಯಾನವನ್ನು. ಬೀಗವನ್ನು ಮುಚ್ಚಿಬಿಡುವ ನಾಲಾಕ್ಸೋನ್ ಕೊಟ್ಟರೂ ಧ್ಯಾನಿಗಳ ನೋವು ಇಳಿದೇ ಇತ್ತು. ಹಾಗಾದರೆ ನೋವು ಇಳಿಯಲು ಬೇರೆ ಬಾಗಿಲೂ ಇದೆ.

ಮಾವ ಆ ಮಾತ್ರೆ ತೆಗೆದುಕೊಂಡು ಎರಡೂವರೆ ತಿಂಗಳು ಇದ್ದರು. ಮೊದಲ ರಾತ್ರಿ ಕಾಲು ಚಾಚಿ ಮಲಗಿದರು. ಮೂರನೆಯ ದಿನ ಬೆಳಿಗ್ಗೆ ಹೋಟೆಲಿಗೆ ಹೋಗಿ ಗಲ್ಲಾದ ಮೇಲೆ ಕುಳಿತು, ಸಾಂಬಾರಿಗೆ ಉಪ್ಪು ಸಾಲದೆಂದು ಅಡುಗೆಯವನಿಗೆ ಬೈದರು.