ಕಲ್ಲಿನ ದೂಳು: ಮೊದಲ ದಿನವೇ ಕಲಿಸಬೇಕಾದ ಪಾಠ

ತಣಿಸಂದ್ರದಲ್ಲಿ ಹೊಸ ಮನೆಗಳ ಕೆಲಸ ನಡೆಯುವಲ್ಲಿ ಗ್ರಾನೈಟ್ ಕೊಯ್ಯುವಾಗ ಏಳುವ ಬಿಳಿ ದೂಳನ್ನು ನೀವು ನೋಡಿರಬಹುದು. ಅದರಲ್ಲಿರುವ ಸಿಲಿಕಾದ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಗಟ್ಟಿ ಗಂಟುಗಳನ್ನು ಉಂಟುಮಾಡುತ್ತವೆ. ಇದೇ ಸಿಲಿಕೋಸಿಸ್. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಪರೀಕ್ಷಿಸಿದ 7,653 ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಈ ರೋಗವಿತ್ತು.

ಸಾಮಾನ್ಯವಾಗಿ ಹತ್ತಕ್ಕೂ ಹೆಚ್ಚು ವರ್ಷ ದೂಳು ಕುಡಿದ ಮೇಲೆ ಒಣಕೆಮ್ಮು, ಏದುಸಿರು ಕಾಣಿಸಿಕೊಳ್ಳುತ್ತವೆ. ದೂಳು ವಿಪರೀತವಾದರೆ ಕೆಲವೇ ವರ್ಷ ಸಾಕು. ಕ್ಷಯ ತಗಲುವ ಸಂಭವವೂ ಹೆಚ್ಚು. ಹಾಳಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ.

ಆದ್ದರಿಂದ ಮೇಸ್ತ್ರಿ, ಸೂಪರ್‌ವೈಸರ್‌ಗಳು ಕೆಲಸಕ್ಕೆ ಸೇರಿದ ಮೊದಲ ದಿನವೇ ಇಷ್ಟನ್ನು ಕಲಿಸಬೇಕು:

* ಕೊಯ್ಯುವಾಗ ಬ್ಲೇಡಿಗೆ ಸದಾ ನೀರು ಬೀಳುತ್ತಿರಲಿ. ನೀರಿನೊಂದಿಗೆ ಬಳಸಲೆಂದೇ ತಯಾರಾದ ಮೆಷಿನ್ನನ್ನೇ ಬಳಸಿ. ಇಲ್ಲವಾದರೆ ಶಾಕ್ ಹೊಡೆದೀತು.
* ಮೂಗಿಗೆ ಕಟ್ಟಿದ ಕರ್ಚೀಫು ಈ ಕಣಗಳನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು.
* ಒಣ ದೂಳನ್ನು ಗುಡಿಸಬೇಡಿ. ನೀರು ಚಿಮುಕಿಸಿ ತೆಗೆಯಿರಿ.
* ಬಟ್ಟೆ ಬದಲಾಯಿಸಿಯೇ ಮನೆಗೆ ಹೋಗಿ.

ಮನೆ ಕಟ್ಟಿಸುವವರೂ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ, ಎದೆಯ ಎಕ್ಸ್‌-ರೇ ಅಗತ್ಯ. ವೈದ್ಯರಿಗೆ ನಿಮ್ಮ ಕೆಲಸ ಏನೆಂಬುದನ್ನು ಮರೆಯದೆ ಹೇಳಿ.